ಉಳಿಸುವವರೇ ಕಾರಣ ಕೊಡಲಿ

ಸಿ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದು ಕಂಪೈಲ್ ಮಾಡಿದರೆ ಹೊರಬರುವ ಫೈಲ್‌ನಲ್ಲಿ ನಾವು ಬರೆದದ್ದಷ್ಟೇ ಇರುವುದಿಲ್ಲ. ಯಾರೂ ಕರೆಯದ ಫಂಕ್ಷನ್‌ಗಳು, ಯಾರೂ ಓದದ ಟೇಬಲ್‌ಗಳು, ಎಂದೋ ಯಾರಿಗೋ ಬೇಕಾಗಿದ್ದ ಸವಲತ್ತುಗಳು ಅದರೊಳಗೆ ಬಂದು ಕೂತಿರುತ್ತವೆ. ಇವನ್ನು ಕೊನೆಯ ಹಂತದಲ್ಲಿ, ಅಂದರೆ ಲಿಂಕ್ ಮಾಡುವಾಗ, ತೆಗೆದುಹಾಕುವ ಶಕ್ತಿ ಲಿಂಕರ್‌ಗೆ ಬಹಳ ಹಿಂದಿನಿಂದ ಇದೆ. ಆದರೂ ಲಿನಕ್ಸ್‌ನಲ್ಲಿ ಜಿಸಿಸಿ ಕಂಪೈಲರ್ ಬಳಸುವವರು ಬಾಯಿಬಿಟ್ಟು ಕೇಳಿದರೆ ಮಾತ್ರ ಅದು ಆ ಕೆಲಸಕ್ಕೆ ಕೈಹಾಕುತ್ತದೆ. ಈ ಕ್ರಮ ತಲೆಕೆಳಗಾಗಿದೆ ಎಂಬುದು ನನ್ನ ವಾದ. ತೆಗೆಯುವುದು ರೂಢಿಯಾಗಬೇಕು, ಉಳಿಸಬೇಕು ಎನ್ನುವವರು ಯಾಕೆ ಉಳಿಸಬೇಕೆಂದು ಬರೆದಿಡಬೇಕು. ಫೈಲ್ ಚಿಕ್ಕದಾಗುತ್ತದೆ ಎಂಬ ಕಾರಣವನ್ನು ಎಲ್ಲರೂ ಕೊಡುತ್ತಾರೆ. ನನ್ನ ಮಟ್ಟಿಗೆ ಅದು ಎರಡನೆಯ ಕಾರಣ.

ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಲಿಂಕರ್ ಪಾಠ ಇಲ್ಲದೆ ಇರಲಿಲ್ಲ. ವಿಟಿಯು ಪಠ್ಯಕ್ರಮದಲ್ಲಿ ವರ್ಷಗಟ್ಟಲೆ ಇದ್ದ ಸಿಸ್ಟಂ ಸಾಫ್ಟ್‌ವೇರ್ ವಿಷಯಕ್ಕೆ ಲೆಲ್ಯಾಂಡ್ ಬೆಕ್ ಬರೆದ ಪುಸ್ತಕವೇ ಆಧಾರ. ಅದರಲ್ಲಿ ಬರುವ ಎಸ್‌ಐಸಿ ಎಂಬ ಕಂಪ್ಯೂಟರ್ ಲೋಕದಲ್ಲಿ ಎಲ್ಲೂ ಇಲ್ಲ, ಪಾಠಕ್ಕೆಂದೇ ಕಲ್ಪಿಸಿದ್ದು. ಆ ಇಲ್ಲದ ಯಂತ್ರಕ್ಕೆ ಬಿಡಿಬಿಡಿ ತುಂಡುಗಳನ್ನು ಹೇಗೆ ಜೋಡಿಸುವುದು, ಖಾಲಿ ಬಿಟ್ಟ ವಿಳಾಸಗಳನ್ನು ಹೇಗೆ ತುಂಬುವುದು ಎಂದು ಹಾಸನದಲ್ಲೋ ಮೈಸೂರಿನಲ್ಲೋ ಓದಿದವರು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಬಂದಿದ್ದಾರೆ. ಸೇರಿಸುವುದೇ ಲಿಂಕರಿನ ಕೆಲಸ ಎಂಬ ತಿಳುವಳಿಕೆ ಅಲ್ಲಿಂದ ಗಟ್ಟಿಯಾಗುತ್ತದೆ. ಬಿಡುವುದೂ ಅದರ ಕೆಲಸವೇ ಎಂದು ಹೇಳಿಕೊಟ್ಟ ಮೇಷ್ಟರು ಕಡಿಮೆ.

ಕೆಲಸ ನಡೆಯುವುದು ಹೀಗೆ. ಕಂಪೈಲರ್ ಒಂದೊಂದು ಸಿ ಫೈಲಿಗೂ ಒಂದೊಂದು ಆಬ್ಜೆಕ್ಟ್ ಫೈಲ್ ಕೊಡುತ್ತದೆ. ಸ್ಟ್ಯಾಟಿಕ್ ಲೈಬ್ರರಿ ಎಂದರೆ ಇಂಥ ಆಬ್ಜೆಕ್ಟ್ ಫೈಲ್‌ಗಳ ಕಟ್ಟು. ಪ್ರೋಗ್ರಾಮಿಗೆ ಒಂದು ಹೆಸರು ಬೇಕಾದಾಗ ಲಿಂಕರ್ ಆ ಕಟ್ಟಿನಿಂದ ಹೆಸರು ಸಿಕ್ಕ ಫೈಲನ್ನು ಮಾತ್ರ ಎಳೆದುಕೊಳ್ಳುತ್ತದೆ. ಆ ಒಂದು ಫೈಲಿನಲ್ಲಿ ಇಪ್ಪತ್ತು ಫಂಕ್ಷನ್ ಇದ್ದರೆ ಇಪ್ಪತ್ತೂ ಬರುತ್ತವೆ. ಒಂದು ಎಳನೀರು ಬೇಕೆಂದು ಗೊನೆಯನ್ನೇ ಇಳಿಸಿದ ಹಾಗೆ. ಇದಕ್ಕೇ ಹಳೆಯ ಯುನಿಕ್ಸ್ ಕಾಲದಲ್ಲಿ ಲೈಬ್ರರಿ ಬರೆಯುವ ಜಾಣರು ಒಂದು ಫೈಲಿಗೆ ಒಂದೇ ಫಂಕ್ಷನ್ ಎಂಬ ಪದ್ಧತಿ ಇಟ್ಟುಕೊಂಡಿದ್ದರು. ಮಸ್ಲ್ ಎಂಬ ಸಿ ಲೈಬ್ರರಿ ಇವತ್ತಿಗೂ ಬಹುಮಟ್ಟಿಗೆ ಹಾಗೆಯೇ ಇದೆ.

ಎಲ್ಲರಿಂದಲೂ ಅಂಥ ಶಿಸ್ತು ನಿರೀಕ್ಷಿಸಲಾಗದು. ಲಿಂಕರಿನ ಕಣ್ಣಿಗೆ ಬೀಳುವ ಅತಿ ಚಿಕ್ಕ ತುಂಡು ಎಂದರೆ ಸೆಕ್ಷನ್. ಒಂದು ಫೈಲಿನ ಫಂಕ್ಷನ್‌ಗಳನ್ನೆಲ್ಲ ಕಂಪೈಲರ್ ಸಾಮಾನ್ಯವಾಗಿ ಒಂದೇ ಸೆಕ್ಷನ್ನಿಗೆ ತುಂಬುತ್ತದೆ. ಒಳಗೆ ಎಲ್ಲಿ ಒಂದು ಫಂಕ್ಷನ್ ಮುಗಿದು ಇನ್ನೊಂದು ಶುರುವಾಯಿತೆಂದು ಲಿಂಕರ್ ಕತ್ತರಿಸಲು ಹೋಗುವುದಿಲ್ಲ. ಜಿಸಿಸಿಯ ಫಂಕ್ಷನ್-ಸೆಕ್ಷನ್ಸ್, ಡೇಟಾ-ಸೆಕ್ಷನ್ಸ್ ಎಂಬ ಎರಡು ಆಯ್ಕೆಗಳನ್ನು ಕೊಟ್ಟರೆ ಪ್ರತಿ ಫಂಕ್ಷನ್‌ಗೂ ಪ್ರತಿ ಡೇಟಾಕ್ಕೂ ತನ್ನದೇ ಸೆಕ್ಷನ್ ಸಿಗುತ್ತದೆ. ಮೇಲೆ ಲಿಂಕರ್‌ಗೆ ಜಿಸಿ-ಸೆಕ್ಷನ್ಸ್ ಎಂದು ಹೇಳಿದರೆ ಅದು ಪ್ರೋಗ್ರಾಂ ಶುರುವಾಗುವ ಜಾಗದಿಂದ ಹೊರಡುತ್ತದೆ. ಅಲ್ಲಿಂದ ಯಾವ ಸೆಕ್ಷನ್ನಿಗೆ ಉಲ್ಲೇಖ ಇದೆಯೋ ಅದಕ್ಕೆ ಗುರುತು ಹಾಕುತ್ತದೆ. ಗುರುತಾದದ್ದು ಇನ್ನು ಯಾವುದನ್ನು ಹೆಸರಿಸುತ್ತದೋ ಅದಕ್ಕೂ ಹಾಕುತ್ತದೆ. ಹೊಸದು ಸಿಗದಾಗುವ ತನಕ ಹೀಗೇ. ಕೊನೆಗೆ ಗುರುತಿಲ್ಲದೆ ಉಳಿದದ್ದೆಲ್ಲ ಹೊರಗೆ. 1960ರಲ್ಲಿ ಜಾನ್ ಮೆಕಾರ್ಥಿ ಲಿಸ್ಪ್ ಭಾಷೆಯ ಮೆಮೊರಿ ಗುಡಿಸಲು ಹೇಳಿದ ಉಪಾಯವೇ ಇದು. ಅಲ್ಲಿ ಪ್ರೋಗ್ರಾಂ ಓಡುತ್ತಿರುವಾಗ ನಡೆಯುವುದು ಇಲ್ಲಿ ಓಡುವ ಮುಂಚೆಯೇ ನಡೆಯುತ್ತದೆ.

ಕೇಳದೆಯೇ ಇದು ನಡೆಯುವ ಕಡೆಗಳೂ ಇವೆ. ಹಳೆಯ ಮಾದರಿಯ ಆರ್ಡುಇನೋ ಉನೋ ಬೋರ್ಡಿನ ಚಿಪ್‌ನಲ್ಲಿ ಪ್ರೋಗ್ರಾಮಿಗೆ ಇರುವ ಜಾಗ 32 ಕಿಲೋಬೈಟ್, ಅದರಲ್ಲಿ ಅರ್ಧ ಕಿಲೋಬೈಟ್ ಬೂಟ್‌ಲೋಡರಿನ ಪಾಲು. ರ್‍ಯಾಮ್ ಬರೀ 2 ಕಿಲೋಬೈಟ್. ಚನ್ನರಾಯಪಟ್ಟಣದಿಂದ ಹಾಸನಕ್ಕೆ ಬಸ್ಸಿನಲ್ಲಿ ಓಡಾಡುತ್ತ ಇಂಜಿನಿಯರಿಂಗ್ ಓದುವ ಹುಡುಗಿ ಅದಕ್ಕೆ ಪ್ರೋಗ್ರಾಂ ಹಾಕಲು ಬಟನ್ ಒತ್ತಿದಾಗ, ಮೇಲೆ ಹೇಳಿದ ಮೂರೂ ಆಯ್ಕೆಗಳು ಅವಳಿಗೆ ಕಾಣದಂತೆ ಹೋಗುತ್ತವೆ. ಅವಳ ಮೊದಲ ಪ್ರೋಗ್ರಾಂನಿಂದಲೇ ಕಸ ಹೊರಗೆ ಹೋಗಿರುತ್ತದೆ. ಅವಳಿಗೆ ಗೊತ್ತಿರುವುದಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ರಸ್ಟ್ ಭಾಷೆಯ ಕಂಪೈಲರ್ ಕೂಡ ಕೇಳದೆಯೇ ಇದನ್ನು ಮಾಡಿಸುತ್ತದೆ. ಗೋ ಭಾಷೆಯ ಲಿಂಕರಿನಲ್ಲಿ ಇದು ಹುಟ್ಟುಗುಣ. ಮೈಕ್ರೋಸಾಫ್ಟಿನ ಲಿಂಕರ್ ಡೀಬಗ್ ಕೇಳದಿದ್ದಾಗ ತಾನಾಗಿಯೇ ಮಾಡುತ್ತದೆ. ಹಿಂದೆ ಉಳಿದಿರುವುದು ಜಿಸಿಸಿಯಂಥ ಗ್ನು ಸಾಧನಗಳ ಲೋಕ. ಲಿನಕ್ಸ್ ಕರ್ನಲ್‌ನಲ್ಲಿ ಕೂಡ ಈ ಸೌಲಭ್ಯ ಪರಿಣತರ ಮೆನುವಿನ ಹಿಂದೆ ಅಡಗಿ ಕೂತಿದೆ.

ಜಿಸಿಸಿ ಬರೆದವರು ಸುಮ್ಮನೆ ಹಿಂದೇಟು ಹಾಕಿಲ್ಲ. ನಿಜವಾದ ಲಾಭ ಇದ್ದಾಗ ಮಾತ್ರ ಈ ಆಯ್ಕೆ ಬಳಸಿ, ಇಲ್ಲದಿದ್ದರೆ ಫೈಲ್‌ಗಳು ದೊಡ್ಡದಾಗುತ್ತವೆ, ಜೋಡಣೆ ನಿಧಾನವಾಗುತ್ತದೆ ಎಂದು ಅವರ ಕೈಪಿಡಿಯೇ ಎಚ್ಚರಿಸುತ್ತದೆ. ಆ ಎಚ್ಚರಿಕೆ ಸುಳ್ಳಲ್ಲ. ಸಾವಿರ ಸೆಕ್ಷನ್‌ಗಳ ಲೆಕ್ಕ ಇಡುವುದಕ್ಕಿಂತ ಹತ್ತರ ಲೆಕ್ಕ ಇಡುವುದು ಸುಲಭ. ಆದರೆ ಈ ಖರ್ಚು ಕಟ್ಟುವವನ ಯಂತ್ರದಲ್ಲಿ ಒಮ್ಮೆ ಬೀಳುತ್ತದೆ. ಉಳಿಸಿಕೊಂಡದ್ದರ ಖರ್ಚು ಪ್ರತಿ ಬಳಕೆದಾರನ ಯಂತ್ರದಲ್ಲಿ ಪ್ರತಿದಿನ ಬೀಳುತ್ತದೆ. ಗೋಲ್ಡ್, ಎಲ್‌ಎಲ್‌ಡಿ, ಮೋಲ್ಡ್ ಎಂಬ ಹೊಸ ಲಿಂಕರ್‌ಗಳು ಒಂದಕ್ಕಿಂತ ಒಂದು ವೇಗವಾಗಿ ಬಂದ ಮೇಲಂತೂ ನಿಧಾನವಾಗುತ್ತದೆ ಎಂಬ ಮಾತಿಗೆ ಮೊದಲಿನ ತೂಕ ಉಳಿದಿಲ್ಲ.

ಜನ ನಿಜವಾಗಿ ಹೆದರುವುದು ನಿಧಾನಕ್ಕಲ್ಲ, ಬೇಕಾದದ್ದು ಹೋಗಿಬಿಟ್ಟರೆ ಎಂದು. ಈ ಭಯಕ್ಕೆ ಆಧಾರ ಇದೆ. ಮೈಕ್ರೋಕಂಟ್ರೋಲರಿನಲ್ಲಿ ಇಂಟರಪ್ಟ್ ವೆಕ್ಟರ್ ಟೇಬಲ್ ಎಂಬುದೊಂದಿದೆ: ಟೈಮರ್ ಬಡಿದಾಗ ಎಲ್ಲಿಗೆ ಹೋಗಬೇಕು, ಪಿನ್ ಬದಲಾದಾಗ ಎಲ್ಲಿಗೆ ಹೋಗಬೇಕು ಎಂಬ ವಿಳಾಸಗಳ ಸಾಲು. ಪ್ರೋಗ್ರಾಂನಲ್ಲಿ ಅದನ್ನು ಹೆಸರಿಸುವವರು ಯಾರೂ ಇರುವುದಿಲ್ಲ. ಅದನ್ನು ಓದುವುದು ಹಾರ್ಡ್‌ವೇರ್. ಉಲ್ಲೇಖಗಳನ್ನು ಹಿಡಿದು ನಡೆಯುವ ಲಿಂಕರಿನ ಕಣ್ಣಿಗೆ ಅದು ಬೇಡದ ವಸ್ತು. ಅದಕ್ಕೇ ಲಿಂಕರ್ ಸ್ಕ್ರಿಪ್ಟ್‌ನಲ್ಲಿ ಕೀಪ್ ಎಂದು ಬರೆದು ಕಾಪಾಡಬೇಕು. ಶುರುವಿನ ಜಾಗವನ್ನೇ ಸರಿಯಾಗಿ ಹೇಳದೆ ಹೋದರೆ ಗುರುತು ಹಾಕಲು ಮೊದಲ ಹೆಜ್ಜೆಯೇ ಇರುವುದಿಲ್ಲ. ಆಗ ಲಿಂಕರ್ ಎಲ್ಲವನ್ನೂ ಗುಡಿಸಿ ಸೊನ್ನೆ ಬೈಟಿನ ಪ್ರೋಗ್ರಾಂ ಕೈಗಿಡುತ್ತದೆ. ಆಪರೇಟಿಂಗ್ ಸಿಸ್ಟಂ ಇಲ್ಲದ ಬೋರ್ಡುಗಳ ಜೊತೆ ಗುದ್ದಾಡುವವರು ಒಮ್ಮೆಯಾದರೂ ಈ ಸೊನ್ನೆ ನೋಡಿರುತ್ತಾರೆ.

ಇನ್ನೊಂದು ಬಗೆ ಹೆಚ್ಚು ಕಪಟದ್ದು. ಸಿ ಪ್ಲಸ್ ಪ್ಲಸ್‌ನಲ್ಲಿ ಪರೀಕ್ಷೆಗಳು ತಮ್ಮನ್ನು ತಾವೇ ಪಟ್ಟಿಗೆ ಸೇರಿಸಿಕೊಳ್ಳುವಂತೆ ಬರೆಯುವ ರೂಢಿ ಇದೆ. ಅವುಗಳನ್ನು ಲೈಬ್ರರಿಯೊಳಗೆ ಇಟ್ಟರೆ ಹೊರಗಿನಿಂದ ಯಾರೂ ಅವುಗಳ ಹೆಸರು ಹೇಳದ ಕಾರಣ ಆ ಫೈಲ್ ಕಟ್ಟಿನಿಂದ ಹೊರಬರುವುದೇ ಇಲ್ಲ. ಪರೀಕ್ಷೆ ನಡೆಸಿದರೆ ಒಂದೂ ಸೋತಿಲ್ಲ ಎಂದು ತೋರಿಸುತ್ತದೆ, ಏಕೆಂದರೆ ಒಂದೂ ಓಡಿಲ್ಲ. ಗಮನಿಸಿ, ಇದು ಜಿಸಿ-ಸೆಕ್ಷನ್ಸ್ ಇಲ್ಲದೆಯೂ ಆಗುವ ಅನಾಹುತ. ಲಿಂಕರ್ ಎಂದೂ ಎಲ್ಲವನ್ನೂ ಸೇರಿಸಿದ್ದೇ ಇಲ್ಲ. ಮೊದಲಿನಿಂದಲೂ ಆರಿಸುತ್ತಲೇ ಬಂದಿದೆ.

ಹೆಸರನ್ನು ಅಕ್ಷರಗಳ ಸಾಲಾಗಿ ಇಟ್ಟುಕೊಂಡು ಓಡುವಾಗ ಹುಡುಕುವ ಪದ್ಧತಿ ಮೂರನೆಯದು. ಗೋ ಭಾಷೆಯಲ್ಲಿ ಯಾರಾದರೂ ಮೆಥಡ್ ಒಂದನ್ನು ಹೀಗೆ ಹೆಸರಿನಿಂದ ಹುಡುಕುವ ಸಾಧ್ಯತೆ ಕಂಡರೆ, ಗುರುತು ಬಿದ್ದ ಟೈಪ್‌ಗಳಲ್ಲಿ ಹೊರಗೆ ಕಾಣುವ ಮೆಥಡ್‌ಗಳನ್ನೆಲ್ಲ ಲಿಂಕರ್ ಉಳಿಸಿಬಿಡುತ್ತದೆ. ಸುರಕ್ಷಿತ, ಆದರೆ ದಪ್ಪ. ಆಂಡ್ರಾಯ್ಡ್‌ನಲ್ಲಿ 2019ರಿಂದ ಬಳಕೆಗೆ ಬಂದ ಆರ್8 ಎಂಬ ಸಾಧನ ಎದುರು ದಾರಿ ಹಿಡಿದಿದೆ: ಅದು ತೆಗೆಯುತ್ತದೆ, ಉಳಿಸಬೇಕಾದದ್ದನ್ನು ನಾವು ಕೀಪ್ ನಿಯಮಗಳಲ್ಲಿ ಬರೆಯಬೇಕು. ನಮ್ಮ ಹುಡುಗರು ಅಲ್ಲಿ ಏನು ಮಾಡುತ್ತಾರೆಂದು ಬಲ್ಲವರು ಬಲ್ಲರು. ಆ್ಯಪ್ ಒಮ್ಮೆ ಬಿದ್ದರೆ ಸಾಕು, ತಮ್ಮ ಕಂಪನಿಯ ಹೆಸರಿನ ಕೆಳಗಿರುವ ಎಲ್ಲ ಕ್ಲಾಸುಗಳನ್ನೂ ಉಳಿಸು ಎಂದು ಒಂದೇ ಸಾಲು ಬರೆದು ಕೈತೊಳೆದುಕೊಳ್ಳುತ್ತಾರೆ. ಕೀಪ್ ಫೈಲ್ ಇದೆ, ಅದರಲ್ಲಿ ವಿಷಯ ಇಲ್ಲ.

ಇಂಥ ಪ್ರಸಂಗಗಳನ್ನು ಲಿಂಕರಿನ ದೋಷವೆಂದು ಎಣಿಸುವವರೊಡನೆ ನನ್ನ ಜಗಳ. ವೆಕ್ಟರ್ ಟೇಬಲ್ಲನ್ನು ಹಾರ್ಡ್‌ವೇರ್ ಓದುತ್ತದೆ ಎಂಬುದು ಪ್ರೋಗ್ರಾಂ ಬಗೆಗಿನ ನಿಜ. ಆ ನಿಜ ಕೋಡ್‌ನಲ್ಲಿ ಎಲ್ಲೂ ಬರೆದಿರಲಿಲ್ಲ, ಬರೆದವನ ತಲೆಯಲ್ಲಿ ಮಾತ್ರ ಇತ್ತು. ಎಲ್ಲವನ್ನೂ ಉಳಿಸಿಕೊಳ್ಳುವ ಕ್ರಮದಲ್ಲಿ ಅದು ತಲೆಯಲ್ಲೇ ಉಳಿಯುತ್ತದೆ, ಆತ ಕೆಲಸ ಬಿಟ್ಟಾಗ ಅವನ ಜೊತೆ ಹೋಗುತ್ತದೆ. ತೆಗೆಯುವ ಕ್ರಮದಲ್ಲಿ ಅದನ್ನು ಬರೆಯಲೇಬೇಕು, ಬರೆಯದಿದ್ದರೆ ಬೋರ್ಡ್ ಮೇಜಿನ ಮೇಲೆಯೇ ಮಲಗುತ್ತದೆ. ಪ್ರೋಗ್ರಾಂ ಯಾವುದರ ಮೇಲೆ ನಿಂತಿದೆ ಎಂಬ ಪಟ್ಟಿಯನ್ನು ಬೇರೆ ಯಾವ ವಿಧಾನವೂ ಇಷ್ಟು ಬಲವಂತವಾಗಿ ನಮ್ಮಿಂದ ಬರೆಸುವುದಿಲ್ಲ. ನನ್ನ ಮೊದಲ ಕಾರಣ ಇದು.

ಇದೇ ಸಮಸ್ಯೆ ಕನ್ನಡ ಅಕ್ಷರದ ಮೈಮೇಲೆ ಬಂದು ಕೂತಿರುವುದನ್ನು ನೋಡಬೇಕಾದರೆ ಫಾಂಟುಗಳ ಕಡೆ ತಿರುಗಬೇಕು. ಫಾಂಟ್ ಫೈಲ್ ಭಾರವೆಂದು ಅದರಿಂದ ಬೇಡದ ಆಕಾರಗಳನ್ನು ಕತ್ತರಿಸುವುದು ಇಂದು ಎಲ್ಲೆಡೆ ನಡೆಯುವ ಕೆಲಸ. ಯುನಿಕೋಡ್‌ನಲ್ಲಿ ಕನ್ನಡಕ್ಕೆ ಇರುವುದು 128 ಮನೆಗಳ ಒಂದು ಪಾಳಿ. ಸ್ವರ, ವ್ಯಂಜನ, ಮಾತ್ರೆ, ಹಲಂತದ ಗುರುತು, ಅಂಕಿಗಳಿಗೆ ಅಲ್ಲಿ ಸಂಖ್ಯೆ ಉಂಟು, ಒತ್ತಕ್ಷರಗಳಿಗೆ ಇಲ್ಲ. ಒತ್ತಿನ ಆಕಾರಗಳು ಫಾಂಟಿನೊಳಗೆ ಸಂಖ್ಯೆಯಿಲ್ಲದೆ ಮಲಗಿರುತ್ತವೆ; ವ್ಯಂಜನ, ಹಲಂತ, ವ್ಯಂಜನ ಒಟ್ಟಾಗಿ ಬಂದಾಗ ಫಾಂಟಿನ ಬದಲಿ ನಿಯಮ ಅವುಗಳನ್ನು ಎಬ್ಬಿಸಿ ತರುತ್ತದೆ. ಈಗ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಎಂಬ ಹೆಸರು ತೆಗೆದುಕೊಳ್ಳಿ. ಅದರಲ್ಲಿರುವುದು ಎಂಟು ಬಗೆಯ ಯುನಿಕೋಡ್ ಸಂಖ್ಯೆಗಳು. ಈ ಎಂಟರ ಆಕಾರ ಸಾಕು, ಉಳಿದದ್ದನ್ನು ಯಾರೂ ಕೇಳಿಲ್ಲ ಎಂದು ಕತ್ತರಿಸಿದರೆ ಗಕಾರದ ಒತ್ತೂ ಳಕಾರದ ಒತ್ತೂ ಹೋಗುತ್ತವೆ. ಪರದೆಯ ಮೇಲೆ ನುಗ್‌ಗೇಹಳ್‌ಳಿ ಎಂದು ಕಾಲು ಮುರಿದ ಊರು ನಿಲ್ಲುತ್ತದೆ.

ಫಾಂಟ್‌ಟೂಲ್ಸ್, ಹಾರ್ಫ್‌ಬಝ್ ಮುಂತಾದ ಒಳ್ಳೆಯ ಸಾಧನಗಳು ಹೀಗೆ ಮಾಡುವುದಿಲ್ಲ. ಅವು ಲಿಂಕರಿನ ಹಾಗೆಯೇ ನಡೆಯುತ್ತವೆ: ಉಳಿದ ಆಕಾರಗಳಿಂದ ಯಾವ ನಿಯಮ ಯಾವ ಹೊಸ ಆಕಾರಕ್ಕೆ ಒಯ್ಯುತ್ತದೆ ಎಂದು ಕೊನೆಯವರೆಗೆ ಹಿಂಬಾಲಿಸಿ ಗುರುತು ಹಾಕುತ್ತವೆ. ಆ ಹೆಸರಿನಲ್ಲಿ ನಕಾರಕ್ಕೆ ಒತ್ತು ಎಲ್ಲೂ ಬಂದಿಲ್ಲ. ಆದರೂ ನ ಇದೆ, ಹಲಂತ ಇದೆ, ಹಾಗಾಗಿ ನಕಾರದ ಒತ್ತನ್ನೂ ಉಳಿಸುತ್ತವೆ. ಹೆಚ್ಚಾಯಿತು ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ತಲುಪಲು ದಾರಿ ಇದ್ದರೆ ಸಾಕು ಉಳಿಸು ಎಂಬ ಈ ಉದಾರತೆಯೇ ಇಡೀ ಪದ್ಧತಿಯನ್ನು ನಂಬಬಹುದಾದದ್ದನ್ನಾಗಿ ಮಾಡಿರುವುದು.

ಇದಕ್ಕೆ ಪರ್ಯಾಯವಾಗಿ ಇನ್ನೊಂದು ದಾರಿಯನ್ನು ಕೆಲವರು ಉತ್ಸಾಹದಿಂದ ಹೇಳುತ್ತಾರೆ: ಪ್ರೋಗ್ರಾಂ ಓಡಿಸಿ ನೋಡಿ, ಯಾವ ಕೋಡ್ ಓಡಿತೋ ಅದು ಇರಲಿ, ಓಡದ್ದು ಹೋಗಲಿ. ಇದು ಎಲ್ಲಿ ಎಡವುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಹಾಸನ ಜಿಲ್ಲೆಯಲ್ಲಿ ಎಂಟು ತಾಲ್ಲೂಕುಗಳು. ಹಾಸನ, ಹೊಳೆನರಸೀಪುರ, ಅರಕಲಗೂಡು, ಅರಸೀಕೆರೆ, ಬೇಲೂರು, ಆಲೂರು, ಸಕಲೇಶಪುರ. ಈ ಏಳು ಹೆಸರುಗಳಲ್ಲಿ ಒಂದೇ ಒಂದು ಒತ್ತಕ್ಷರ ಇಲ್ಲ. ಹಳ್ಳಿಯ ಡೈರಿಯಲ್ಲಿ ಫ್ಯಾಟ್ ತೋರಿಸುವ ಯಂತ್ರಕ್ಕೆ ಯಾರೋ ಕನ್ನಡ ಪರದೆ ಮಾಡುತ್ತಿದ್ದಾರೆ ಎಂದುಕೊಳ್ಳಿ. ಈ ಏಳು ಹೆಸರುಗಳನ್ನು ತೋರಿಸಿ ನೋಡಿದರೆ ಎಲ್ಲ ಸರಿಯಾಗಿ ಬರುತ್ತವೆ, ಒತ್ತಕ್ಷರ ಕೂರಿಸುವ ಕೋಡ್ ಒಮ್ಮೆಯೂ ಓಡುವುದಿಲ್ಲ. ಓಡದ್ದನ್ನು ತೆಗೆಯುವವರು ಅದನ್ನು ತೆಗೆಯುತ್ತಾರೆ. ಎಂಟನೆಯದು ಚನ್ನರಾಯಪಟ್ಟಣ, ಅದರಲ್ಲಿ ಎರಡು ಒತ್ತು. ಇನ್ನು ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಹೊಯ್ಸಳ ದೇವಾಲಯದ ದೇವರು ಲಕ್ಷ್ಮೀನರಸಿಂಹ: ಕಕಾರಕ್ಕೆ ಷಕಾರ ಸೇರಿ, ಅದಕ್ಕೆ ಮಕಾರದ ಒತ್ತು, ಮೇಲೆ ದೀರ್ಘ. ಅಕ್ಷರ ಜೋಡಿಸುವ ತಂತ್ರಾಂಶಕ್ಕೆ ಇದಕ್ಕಿಂತ ಒಳ್ಳೆಯ ಪರೀಕ್ಷೆಯನ್ನು ಜಿಲ್ಲೆಯೆಲ್ಲ ಹುಡುಕಿದರೂ ತರುವುದು ಕಷ್ಟ. ಕಂಡದ್ದನ್ನು ಆಧಾರವಾಗಿಟ್ಟು ಕತ್ತರಿಸುವುದಕ್ಕೂ ತಲುಪಬಹುದಾದದ್ದನ್ನು ಆಧಾರವಾಗಿಟ್ಟು ಕತ್ತರಿಸುವುದಕ್ಕೂ ಇರುವ ಅಂತರ ಇಷ್ಟು. ಲಿಂಕರ್ ಎರಡನೆಯದನ್ನು ಮಾಡುತ್ತದೆ, ಆದ್ದರಿಂದ ಅದರ ಪರ ನಿಲ್ಲುತ್ತೇನೆ. ಮೊದಲನೆಯದರ ಪರ ನಿಲ್ಲಲಾರೆ.

ಹಾಗೆಂದು ಲಿಂಕರ್‌ಗೆ ಇಲ್ಲದ ಬುದ್ಧಿಯನ್ನು ಅಂಟಿಸಬಾರದು. ಹಾರ್ಫ್‌ಬಝ್ ಅಕ್ಷರ ಜೋಡಿಸುವ ಕೆಲಸವನ್ನೂ ಮಾಡುತ್ತದೆ, ಅದಕ್ಕಾಗಿ ತನ್ನೊಳಗೆ ಅರಬ್ಬಿ, ಥಾಯ್, ಖಮೇರ್, ಬರ್ಮೀ, ಭಾರತೀಯ ಲಿಪಿಗಳಿಗೆ ಬೇರೆಬೇರೆ ಜೋಡಣೆಗಾರರನ್ನು ಇಟ್ಟುಕೊಂಡಿದೆ. ಬಂದ ಪಠ್ಯ ಯಾವ ಲಿಪಿಯದು ಎಂಬುದು ಓಡುವಾಗ ಮಾತ್ರ ತಿಳಿಯುವುದರಿಂದ ಎಲ್ಲಕ್ಕೂ ದಾರಿ ತೆರೆದಿರುತ್ತದೆ. ಡೈರಿಯ ಯಂತ್ರ ಆಯುಷ್ಯವಿಡೀ ಕನ್ನಡವನ್ನೇ ತೋರಿಸಿದರೂ ಖಮೇರ್ ಜೊತೆಯಲ್ಲೇ ಇರುತ್ತದೆ. ಅದನ್ನು ತೆಗೆಯುವುದು ಮನುಷ್ಯ ತೀರ್ಮಾನಿಸಬೇಕಾದ ವಿಷಯ. ಪ್ರೋಗ್ರಾಂ ಒಂದು ಯಾವ ಜಾಗಕ್ಕೆ ಎಂದಾದರೂ ಹೋಗುತ್ತದೋ ಇಲ್ಲವೋ ಎಂದು ಎಲ್ಲ ಸಂದರ್ಭಕ್ಕೂ ಸಲ್ಲುವಂತೆ ಹೇಳಲು ಬಾರದು ಎಂಬುದು 1936ರಲ್ಲಿ ಅಲನ್ ಟ್ಯೂರಿಂಗ್ ತೋರಿಸಿಕೊಟ್ಟದ್ದರಿಂದಲೇ ಹೊರಡುತ್ತದೆ. ಲಿಂಕರ್ ಬಲ್ಲದ್ದು ದಾರಿ ಇದೆಯೇ ಎಂದು ಮಾತ್ರ. ಆ ದಾರಿಯಲ್ಲಿ ಯಾರಾದರೂ ನಡೆಯುವರೇ, ನಡೆಯಬೇಕೇ ಎಂಬುದು ಅದಕ್ಕೆ ತಿಳಿಯದು.

ದೊಡ್ಡ ಅನಾಹುತಗಳು ನಡೆದಿರುವುದು ಈ ಸಂದಿನಲ್ಲೇ. 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲಿ ಸುಮಾರು 40 ಸೆಕೆಂಡಿನೊಳಗೆ ಚೂರಾಯಿತು. ಕಾರಣವಾದ ಕೋಡ್ ಏರಿಯಾನ್ 4ರಿಂದ ಬಂದ ಆಸ್ತಿ. ನೆಲದಲ್ಲಿರುವಾಗ ದಿಕ್ಕು ಹೊಂದಿಸುವ ಆ ಭಾಗ ಹೊಸ ರಾಕೆಟ್ ಮೇಲೆದ್ದ ನಂತರ ಯಾವ ಕೆಲಸಕ್ಕೂ ಬರುತ್ತಿರಲಿಲ್ಲ, ಆದರೂ ಓಡುತ್ತಿತ್ತು. ಓಡುತ್ತ, 64 ಬಿಟ್ಟಿನ ಸಂಖ್ಯೆಯೊಂದನ್ನು 16 ಬಿಟ್ಟಿಗೆ ತುರುಕಲು ಹೋಗಿ ಕುಸಿಯಿತು. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟಿನ ಸಂಸ್ಥೆ ಸುಮಾರು 45 ನಿಮಿಷದಲ್ಲಿ 46 ಕೋಟಿ ಡಾಲರ್‌ಗೂ ಹೆಚ್ಚು ಕಳೆದುಕೊಂಡಿತು. 2003ರಲ್ಲೇ ಬಳಕೆ ನಿಂತಿದ್ದ ಪವರ್ ಪೆಗ್ ಎಂಬ ಕೋಡನ್ನು ಅಲ್ಲೇ ಬಿಟ್ಟಿದ್ದರು. ಅದನ್ನು ಎಬ್ಬಿಸುತ್ತಿದ್ದ ಗುರುತನ್ನು ಹೊಸ ಸೌಲಭ್ಯಕ್ಕೆ ಮರುಬಳಕೆ ಮಾಡಿದರು. ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ಹೋಗಲಿಲ್ಲ, ಅಲ್ಲಿ ಹಳೆಯದು ಎದ್ದು ಓಡಿತು. ಎರಡೂ ಕಡೆ ಜಿಸಿ-ಸೆಕ್ಷನ್ಸ್ ಹಾಕಿದ್ದರೂ ಏನೂ ಬದಲಾಗುತ್ತಿರಲಿಲ್ಲ, ಏಕೆಂದರೆ ಎರಡಕ್ಕೂ ದಾರಿ ಇತ್ತು. ಲಿಂಕರ್ ಗುಡಿಸುತ್ತದೆಂದು ಮೂಲ ಕೋಡ್‌ನಲ್ಲಿ ಹಳತನ್ನು ಬಿಟ್ಟುಕೊಂಡಿರುವವರಿಗೆ ಈ ಎರಡು ಹೆಸರು ಹೇಳಿದರೆ ಸಾಕು.

ಮೆಮೊರಿ ಅಗ್ಗವಾಗಿರುವಾಗ ಇದೆಲ್ಲ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಲ್ಯಾಪ್‌ಟಾಪಿನಲ್ಲಿ ಅಗ್ಗ ನಿಜ, ಅಲ್ಲಿ ಗಾತ್ರದ ವಾದವನ್ನು ಬಿಟ್ಟುಕೊಡುತ್ತೇನೆ. ಆದರೆ ಸುಮ್ಮನೆ ಬಿದ್ದಿರುವ ಕೋಡ್ ಸುಮ್ಮನೆ ಬಿದ್ದಿರುವುದಿಲ್ಲ. 2007ರಲ್ಲಿ ಹೊವಾವ್ ಶಾಚಮ್ ಎಂಬ ಸಂಶೋಧಕರು, ಹೊರಗಿನಿಂದ ಹೊಸ ಕೋಡ್ ತರದೆ, ಒಳಗೇ ಇರುವ ಸಿ ಲೈಬ್ರರಿಯ ಚೂರುಗಳನ್ನು ಪೋಣಿಸಿ ದಾಳಿ ಮಾಡಬಹುದೆಂದು ತೋರಿಸಿದರು. ನಮ್ಮ ಪ್ರೋಗ್ರಾಂ ಕರೆಯದ ಫಂಕ್ಷನ್ ದಾಳಿಕೋರನಿಗೆ ಉಪಯೋಗಕ್ಕೆ ಬರುತ್ತದೆ. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಜಾವಾ ಲೈಬ್ರರಿಯ ತೂತು ಬೆಂಗಳೂರಿನ ಎಷ್ಟೋ ಕಚೇರಿಗಳವರ ನಿದ್ದೆ ಕೆಡಿಸಿತಲ್ಲ, ಆ ತೂತು ಇದ್ದದ್ದು ಬಹುಪಾಲು ಜನ ಬಳಸಿಯೇ ಇರದ ಒಂದು ಸೌಲಭ್ಯದಲ್ಲಿ. ತಕ್ಷಣಕ್ಕೆ ಹೇಳಿದ ಮದ್ದುಗಳಲ್ಲಿ ಒಂದು, ಜಾರ್ ಫೈಲಿನಿಂದ ಆ ಒಂದು ಕ್ಲಾಸನ್ನು ಕಿತ್ತು ಹಾಕಿ ಎಂಬುದು. ಅದನ್ನು ಪಾಲಿಸಿದವರು ಆಗ ಕೈಯಿಂದ ಲಿಂಕರಿನ ಕೆಲಸ ಮಾಡಿದರು.

ವಿಮಾನದ ತಂತ್ರಾಂಶ ಬರೆಯುವವರು ಈ ವಿಷಯದಲ್ಲಿ ನಮಗಿಂತ ಮುಂದಿದ್ದಾರೆ. ಅವರು ಪಾಲಿಸುವ ಡಿಒ-178ಸಿ ಎಂಬ ಮಾನದಂಡ ಎರಡು ಬಗೆಯನ್ನು ಬೇರೆ ಮಾಡುತ್ತದೆ. ಯಾವ ಅಗತ್ಯಕ್ಕೂ ಸಂಬಂಧವಿಲ್ಲದೆ ತಪ್ಪಿನಿಂದ ಉಳಿದುಕೊಂಡದ್ದು ಸತ್ತ ಕೋಡ್, ಅದನ್ನು ತೆಗೆಯಲೇಬೇಕು. ಬೇಕೆಂದೇ ಇಟ್ಟು ಈ ವಿಮಾನದಲ್ಲಿ ಮುಚ್ಚಿಟ್ಟದ್ದು ಬೇರೆ. ಅದು ಇರಬಹುದು, ಆದರೆ ಯಾಕಿದೆ ಎಂದೂ ತಪ್ಪಿ ಎಚ್ಚರಗೊಳ್ಳುವುದಿಲ್ಲ ಎಂದೂ ತೋರಿಸಬೇಕು. ನಾನು ಕೇಳುತ್ತಿರುವುದು ಇದರ ಕಾಲುಭಾಗ ಮಾತ್ರ. ತೆಗೆದ ಸೆಕ್ಷನ್‌ಗಳ ಪಟ್ಟಿಯನ್ನು ಲಿಂಕರ್ ಮುದ್ರಿಸಿ ಕೊಡುತ್ತದೆ. ಆ ಪಟ್ಟಿಯನ್ನು ಕೋಡ್ ಜೊತೆಯಲ್ಲೇ ಇಟ್ಟು, ಪ್ರತಿ ಬದಲಾವಣೆಯಲ್ಲಿ ಹಿಂದಿನದರೊಡನೆ ಹೋಲಿಸಿ ನೋಡಬೇಕು. ನಿನ್ನೆ ಇದ್ದ ಫಂಕ್ಷನ್ ಇವತ್ತು ಪಟ್ಟಿಗೆ ಬಂದಿದ್ದರೆ ಯಾರೋ ಅದನ್ನು ಕರೆಯುವುದನ್ನು ನಿಲ್ಲಿಸಿದ್ದಾರೆ. ಬೇಕೆಂದು ನಿಲ್ಲಿಸಿದ್ದರೆ ಮೂಲ ಕೋಡ್‌ನಿಂದಲೂ ಅಳಿಸಲಿ, ಮರೆತು ನಿಲ್ಲಿಸಿದ್ದರೆ ಅಲ್ಲೊಂದು ತಪ್ಪು ಸಿಕ್ಕಿತು. ಕೀಪ್ ಎಂದು ಬರೆದ ಪ್ರತಿ ಸಾಲಿನ ಪಕ್ಕದಲ್ಲಿ ಇದನ್ನು ಯಾರು ಓದುತ್ತಾರೆ ಎಂದು ಒಂದು ಟಿಪ್ಪಣಿ ಇರಲಿ.

ಹತ್ತು ಹದಿನೈದು ವರ್ಷದ ಹಳೆಯ ಪ್ರಾಜೆಕ್ಟಿಗೆ ಇದನ್ನು ಒಂದೇ ದಿನ ಹಚ್ಚಲು ಹೋಗಬೇಡಿ. ಮೊದಲು ಶೇರ್ಡ್ ಲೈಬ್ರರಿಗಳು ಹೊರಗೆ ತೋರಿಸುವ ಹೆಸರುಗಳನ್ನು ಕಡಿಮೆ ಮಾಡಿ, ಏಕೆಂದರೆ ಹೊರಗೆ ಕಾಣುವ ಪ್ರತಿ ಹೆಸರೂ ಲಿಂಕರಿನ ಲೆಕ್ಕದಲ್ಲಿ ಬೇಕಾದದ್ದೇ. ಎಲ್ಲವನ್ನೂ ತೋರಿಸುವ ಅಂಥ ಲೈಬ್ರರಿಯಿಂದ ಏನನ್ನೂ ತೆಗೆಯಲಾಗದು. ಆಮೇಲೆ ಒಂದೊಂದೇ ಲೈಬ್ರರಿಗೆ ಫಂಕ್ಷನ್-ಸೆಕ್ಷನ್ಸ್ ಕೊಡುತ್ತ ಬನ್ನಿ. ಮೊದಲ ಸಲ ಬರುವ ಪಟ್ಟಿ ಉದ್ದ ಇರುತ್ತದೆ, ಅದರಲ್ಲಿ ಕೆಲಸ ಬಿಟ್ಟು ಹೋದವರ ಕೈಬರಹ ತುಂಬಿರುತ್ತದೆ. ಅದನ್ನು ಓದಲು ತಂಡದ ಹಳಬರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವರು ಇನ್ನೂ ಅಲ್ಲಿರುವಾಗಲೇ.